ರಕ್ತದಲ್ಲಿ ಅಪ್ಪನ ಪಾಲು ಎಷ್ಟು?

ನಮ್ಮ ಮಗನ ಕ್ರಿಯಾಟಿನಿನ್ ಕಿಡ್ನಿ ಕಸಿಯಾದ ಮೇಲೆ ಒಮ್ಮೆಯೂ ಕೆಂಪು ಅಕ್ಷರದಲ್ಲಿ ಬಂದಿಲ್ಲ. ಆಸ್ಪತ್ರೆಯ ಆ್ಯಪ್‌ ತೆರೆದರೆ ಪ್ರತಿ ಸಲವೂ ಅದು ಸಭ್ಯವಾಗಿ, ಕಪ್ಪು ಅಕ್ಷರದಲ್ಲಿ, ಸಹಜ ಮಿತಿಯ ಒಳಗೇ ಕೂತಿರುತ್ತದೆ. ಅವನ ಕಿಡ್ನಿಯೊಳಗೆ ಉರಿಯೂತ ಶುರುವಾಗಿದ್ದ ವಾರಗಳಲ್ಲೂ ಹಾಗೆಯೇ ಕೂತಿತ್ತು.

ದೊಡ್ಡವರ ಕಿಡ್ನಿಯನ್ನು ಪುಟ್ಟ ಮಗುವಿನ ಹೊಟ್ಟೆಯಲ್ಲಿ ಕೂರಿಸಿದರೆ ಹೀಗಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಲ್ಲಿ ಹುಟ್ಟುವ ಕಸ. ಹದಿನೈದು ಕಿಲೋ ತೂಗುವ ಹುಡುಗನ ಮೈಯಲ್ಲಿ ಸ್ನಾಯು ಎಷ್ಟಿದ್ದೀತು? ಆ ಇಷ್ಟೇ ಇಷ್ಟು ಕಸವನ್ನು ಸೋಸಲು ಎಪ್ಪತ್ತು ಕಿಲೋ ತೂಗುವ ಅಪ್ಪನ ಕಿಡ್ನಿ. ಅದರ ಒಂದು ಭಾಗ ಕೆಟ್ಟರೂ ಉಳಿದ ಭಾಗ ಕೆಲಸವನ್ನೆಲ್ಲ ಮುಗಿಸಿಬಿಡುತ್ತದೆ, ವರದಿಯಲ್ಲಿ 0.4 ಎಂದೇ ಬರುತ್ತದೆ. 0.4 ಇದ್ದದ್ದು 0.6ಕ್ಕೆ ಏರುವ ಹೊತ್ತಿಗೆ ಒಳಗೆ ಸಾಕಷ್ಟು ಹಾನಿ ಆಗಿಹೋಗಿರಬಹುದು. ಪ್ರಯೋಗಾಲಯದ ಕಂಪ್ಯೂಟರಿಗೆ ಮಾತ್ರ ಎರಡೂ ಸಹಜವೇ. ದೊಡ್ಡವರಲ್ಲಿ ಎಚ್ಚರಿಕೆ ಕೊಡುವ ಪರೀಕ್ಷೆ ಚಿಕ್ಕ ಮಕ್ಕಳಲ್ಲಿ ತಡವಾಗಿ ಬಾಯಿ ಬಿಡುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವವರು, ಮೂಲ ಮೈಸೂರು. ಮಗ ಹುಟ್ಟುವಾಗಲೇ ಮೂತ್ರನಾಳದಲ್ಲಿ ಅಡ್ಡ ಪೊರೆ ಇತ್ತು. ಗಂಡುಮಕ್ಕಳಿಗೆ ಮಾತ್ರ ಬರುವ ದೋಷವಿದು, ಎಳವೆಯಲ್ಲೇ ಕಿಡ್ನಿ ಸೋಲಲು ಮುಖ್ಯ ಕಾರಣಗಳಲ್ಲೊಂದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೂ ಹೊಟ್ಟೆಯಲ್ಲಿದ್ದಾಗಲೇ ಕಿಡ್ನಿಗಳು ಹಾಳಾಗಿದ್ದವು. ರಾತ್ರಿಯಿಡೀ ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್, ಮೂಗಿನ ಕೊಳವೆ, ಆಮೇಲೆ ಹೊಟ್ಟೆಯ ಕೊಳವೆ. ನಾಲ್ಕೂವರೆ ವರ್ಷಕ್ಕೆ ನನ್ನ ಗಂಡ ಕಿಡ್ನಿ ಕೊಟ್ಟರು. ಇಬ್ಬರೂ ಚೇತರಿಸಿಕೊಂಡರು. ಆ ದಿನಗಳ ಬಗ್ಗೆ ಬರೆಯಲು ಬೇಕಾದಷ್ಟಿದೆ, ಆದರೆ ನಾನಿಲ್ಲಿ ಹೇಳಹೊರಟಿರುವುದು ಅದರ ಮುಂದಿನ ಕಥೆ.

ಕಸಿ ಮಾಡಿದ ಅಂಗವನ್ನು ದೇಹ ಪರಕೀಯವೆಂದು ತಿರಸ್ಕರಿಸುತ್ತಿದೆಯೇ ಎಂದು ಖಚಿತವಾಗಿ ತಿಳಿಯಲು ಇರುವ ದಾರಿ ಬಯಾಪ್ಸಿ, ಎಂದರೆ ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವುದು. ನಮ್ಮ ಆಸ್ಪತ್ರೆಯಲ್ಲಿ ಎಲ್ಲವೂ ಸರಿಯಿದ್ದರೂ ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ಬಯಾಪ್ಸಿ ಮಾಡುವ ಕ್ರಮವಿದೆ. ದೊಡ್ಡವರಾದರೆ ಚುಚ್ಚುವ ಜಾಗವನ್ನು ಮರಗಟ್ಟಿಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಮಕ್ಕಳು ಅಲ್ಲಾಡದೆ ಮಲಗುವುದಿಲ್ಲವಲ್ಲ, ಅವರಿಗೆ ಮಂಪರು ಕೊಡಬೇಕು, ಅದಕ್ಕೆ ಹಿಂದಿನ ರಾತ್ರಿಯಿಂದ ಉಪವಾಸ. ದಿನಕ್ಕೆ ಎರಡು ಲೀಟರಿಗೂ ಮಿಕ್ಕಿ ನೀರು ಕುಡಿಯಲೇಬೇಕಾದ ಮಗುವಿಗೆ ಉಪವಾಸವೆಂದರೆ ಡ್ರಿಪ್ ಹಾಕಿಸಲು ಮುಂಚಿತವಾಗಿಯೇ ದಾಖಲಾಗಬೇಕು. ಆಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿಸಿ, ಮೂತ್ರದಲ್ಲಿ ರಕ್ತ ಬರುತ್ತಿದೆಯೇ ಎಂದು ಪ್ರತಿ ಸಲ ನೋಡಬೇಕು.

ಮೊದಲ ಬಯಾಪ್ಸಿಯಾದ ಮೇಲೆ ನಮ್ಮ ಡಾಕ್ಟರ್ ಹೊಸ ರಕ್ತಪರೀಕ್ಷೆಯ ಮಾತು ತೆಗೆದರು. ಇಲ್ಲಿ 2017ರಿಂದ ಬಳಕೆಗೆ ಬಂದಿರುವ ಪರೀಕ್ಷೆಯಿದು, ಆಲೋಶೂರ್ ಎಂಬ ಹೆಸರಿನದು. ಈಗ ಬೇರೆ ಕಂಪನಿಗಳವೂ ಇವೆ. ರಕ್ತದಲ್ಲಿ ದಾನಿಯ ಡಿಎನ್‌ಎ ಎಷ್ಟು ತೇಲುತ್ತಿದೆ ಎಂದು ಅದು ಅಳೆಯುತ್ತದೆ. ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಸಣ್ಣ ಸಣ್ಣ ಚೂರುಗಳಾಗಿ ರಕ್ತಕ್ಕೆ ಸೇರುತ್ತದೆ. ಎಲ್ಲರ ರಕ್ತದಲ್ಲೂ ಸದಾ ಇರುವಂಥದ್ದೇ. ಕಸಿಯಾದವರಲ್ಲಿ ಹೆಚ್ಚಿನ ಚೂರುಗಳು ಅವರವೇ, ಒಂದಿಷ್ಟು ಹೊಸ ಕಿಡ್ನಿಯವು. ಕಿಡ್ನಿಗೆ ಪೆಟ್ಟು ಬಿದ್ದರೆ ಅದರ ಕೋಶಗಳು ಹೆಚ್ಚು ಸಾಯುತ್ತವೆ, ಅದರ ಪಾಲು ಏರುತ್ತದೆ. ಈ ಚೂರುಗಳು ರಕ್ತದಲ್ಲಿ ದಿನಗಟ್ಟಲೆ ಉಳಿಯುವುದಿಲ್ಲ, ಗಂಟೆಗಳ ಲೆಕ್ಕದಲ್ಲಿ ಇಲ್ಲವಾಗುತ್ತವೆ. ಆದ್ದರಿಂದ ಸಿಗುವ ಸಂಖ್ಯೆ ಹೋದ ತಿಂಗಳಿನದಲ್ಲ, ಇವತ್ತಿನದು.

ಮೈಸೂರಿನಿಂದ ವೀಡಿಯೊ ಕರೆಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಅತ್ತೆ ಒಂದು ಪ್ರಶ್ನೆ ಹಾಕಿದರು. ‘ಅಲ್ಲ ಕಣಮ್ಮ, ಅಪ್ಪನದೇ ಕಿಡ್ನಿ, ಅಪ್ಪನದೇ ರಕ್ತ ಹಂಚಿಕೊಂಡು ಹುಟ್ಟಿದ ಮಗು. ಯಾವುದು ಅಪ್ಪನದು, ಯಾವುದು ಮಗನದು ಅಂತ ಹೇಗೆ ಬೇರೆ ಮಾಡುತ್ತಾರೆ?’ ನಿವೃತ್ತ ಗಣಿತದ ಮೇಷ್ಟರು ಅವರು, ಪ್ರಶ್ನೆ ಸುಮ್ಮನೆ ಬರುವುದಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ, ಮುಂದಿನ ಭೇಟಿಯಲ್ಲಿ ಡಾಕ್ಟರನ್ನೇ ಕೇಳಿದೆ. ಅವರು ಪರೀಕ್ಷಾ ಮೇಜಿನ ಮೇಲೆ ಹಾಸಿದ ಕಾಗದದ ಅಂಚಿನಲ್ಲೇ ಚಿತ್ರ ಬರೆದು ತೋರಿಸಿದರು.

ಪ್ರತಿಯೊಬ್ಬರಲ್ಲೂ ಪ್ರತಿ ವಂಶವಾಹಿಯ ಎರಡು ಪ್ರತಿಗಳು, ಒಂದು ತಾಯಿಯದು, ಒಂದು ತಂದೆಯದು. ಅಪ್ಪ ತನ್ನ ಎರಡರಲ್ಲಿ ಒಂದನ್ನು ಮಾತ್ರ ಮಗನಿಗೆ ಕೊಟ್ಟಿರುತ್ತಾರೆ. ಕಿಡ್ನಿಯ ಕೋಶಗಳಲ್ಲಾದರೋ ಅಪ್ಪನ ಎರಡೂ ಪ್ರತಿಗಳಿವೆ. ಡಿಎನ್‌ಎಯಲ್ಲಿ ಜನರಿಂದ ಜನರಿಗೆ ಒಂದೊಂದು ಅಕ್ಷರ ಬದಲಾಗುವ ಗೊತ್ತಾದ ಜಾಗಗಳಿವೆ. ಆಲೋಶೂರ್ ಪರೀಕ್ಷೆ ಮೊದಲು ಬಂದಾಗ ಅಂಥ 266 ಜಾಗಗಳನ್ನು ನೋಡುತ್ತಿತ್ತು. ಅಮ್ಮನಿಂದಲೂ ಅಪ್ಪನಿಂದಲೂ ಒಂದೇ ಅಕ್ಷರ ಬಂದಿರುವ ಜಾಗದಲ್ಲಿ ಮಗನ ರಕ್ತದಲ್ಲಿ ಆ ಒಂದೇ ಅಕ್ಷರ ಕಾಣಬೇಕು. ಅಲ್ಲಿ ಬೇರೆ ಅಕ್ಷರವೊಂದು ಅಲ್ಪಸ್ವಲ್ಪ ಕಂಡರೆ ಅದು ಕಿಡ್ನಿಯದು, ಅಂದರೆ ಅಪ್ಪ ಮಗನಿಗೆ ಕೊಡದೇ ತಮ್ಮಲ್ಲೇ ಉಳಿಸಿಕೊಂಡಿದ್ದ ಅರ್ಧದ್ದು. ರಕ್ತಸಂಬಂಧಿಯ ಕಿಡ್ನಿಯಾದರೆ ಇಂಥ ವ್ಯತ್ಯಾಸದ ಜಾಗಗಳು ಕಡಿಮೆ ಸಿಗುತ್ತವೆ, ಆದರೆ ಲೆಕ್ಕ ಮಾಡಲು ಸಾಕಾಗುತ್ತವೆ. ತದ್ರೂಪಿ ಅವಳಿಯಿಂದ ಪಡೆದಿದ್ದರೆ ಮಾತ್ರ ಪರೀಕ್ಷೆ ಕೈಚೆಲ್ಲುತ್ತದೆ. ಇದಕ್ಕಾಗಿ ಅಪ್ಪನ ರಕ್ತವನ್ನು ಮತ್ತೆ ಕೊಡಬೇಕಾಗಿಯೂ ಇಲ್ಲ. ಅತ್ತೆಗೆ ಹೇಳಿದೆ. ‘ಸರಿ, ಲೆಕ್ಕ ಕೂಡುತ್ತದೆ’ ಎಂದರು.

ಈ ವಿದ್ಯೆಯ ಬೇರು ಬಸಿರಿನ ಪರೀಕ್ಷೆಯಲ್ಲಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಡೆನಿಸ್ ಲೋ ಎಂಬ ವಿಜ್ಞಾನಿ 1997ರಲ್ಲಿ ಬಸುರಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತೇಲುತ್ತಿರುವುದನ್ನು ಕಂಡುಹಿಡಿದರು. ಮರುವರ್ಷವೇ, ಗಂಡಸರ ಅಂಗ ಪಡೆದ ಹೆಂಗಸರ ರಕ್ತದಲ್ಲಿ ಗಂಡಸರಿಗೆ ಮಾತ್ರ ಇರುವ ವೈ ವರ್ಣತಂತುವಿನ ಚೂರುಗಳನ್ನು ತೋರಿಸಿದರು. ರಕ್ತದಿಂದಲೇ ತಿರಸ್ಕಾರ ಹಿಡಿಯುವ ಬೇರೆ ದಾರಿಗಳೂ ಇವೆ. ಮಿನ್ನಿ ಸರ್ವಾಲ್ ಅವರ ತಂಡ 2012ರಲ್ಲಿ ರಕ್ತಕೋಶಗಳ ಐದು ಜೀನ್‌ಗಳ ಚಟುವಟಿಕೆ ನೋಡಿ ತಿರಸ್ಕಾರ ಗುರುತಿಸಬಹುದೆಂದು ತೋರಿಸಿತ್ತು. ಅದರಲ್ಲಿ ಮಕ್ಕಳ, ಹದಿಹರೆಯದವರ ಮಾದರಿಗಳೇ ಹೆಚ್ಚು. ಮಕ್ಕಳ ವಿಚಾರದಲ್ಲಿ ಇದು ಅಪರೂಪ. ಸಾಮಾನ್ಯವಾಗಿ ದೊಡ್ಡವರಲ್ಲಿ ಮಾಡಿದ ಅಧ್ಯಯನದ ಅಂಗಿಯನ್ನೇ ಮಕ್ಕಳಿಗೂ ತೊಡಿಸುತ್ತಾರೆ.

ಇನ್ನು ರಕ್ತ ತೆಗೆಯುವ ಸಂಗತಿ. ಕೇಳಲು ಸರಳ, ನಿಜವಾದ ಪಾಡು ಇರುವುದು ಇಲ್ಲೇ.

ನಮ್ಮ ಹುಡುಗನ ದಿನ ಶುರುವಾಗುವುದೇ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಔಷಧಿಯಿಂದ. ರಕ್ತದಲ್ಲಿ ಅದರ ಮಟ್ಟ ನೋಡಬೇಕಾದ ದಿನ ಬೆಳಗಿನ ಡೋಸ್ ಕೊಡುವ ಮೊದಲೇ, ಹಿಂದಿನ ಡೋಸ್‌ಗೆ ಸರಿಯಾಗಿ ಹನ್ನೆರಡು ಗಂಟೆಯ ಮೇಲೆ, ರಕ್ತ ತೆಗೆಯಬೇಕು. ಅದೇ ಚುಚ್ಚುವಿಕೆಯಲ್ಲಿ ಉಳಿದದ್ದನ್ನೂ ಮುಗಿಸಿಕೊಳ್ಳುತ್ತೇವೆ. ಮನೆಯಿಂದ ಹೊರಡುವಾಗಲೇ ಎರಡೂ ಮೊಣಕೈ ಸಂದಿಗೆ ಮರಗಟ್ಟಿಸುವ ಮುಲಾಮು ಹಚ್ಚಿ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇನೆ. ಎರಡೂ ಕೈಗೆ ಏಕೆಂದರೆ ಯಾವ ಕೈ ಎಂದು ಆರಿಸುವ ಹಕ್ಕು ಅವನದು, ಅದನ್ನು ಕೊನೆಯ ಗಳಿಗೆಯವರೆಗೂ ಬಿಟ್ಟುಕೊಡುವುದಿಲ್ಲ.

ಡಿಎನ್‌ಎ ಪರೀಕ್ಷೆಯ ಕೊಳವೆಗೆ ಕಪ್ಪು ಕಂದು ಮಚ್ಚೆಗಳ ಮುಚ್ಚಳ. ಹತ್ತು ಮಿಲಿಲೀಟರ್ ಹಿಡಿಯುತ್ತದೆ, ಮಕ್ಕಳ ಉಳಿದ ಕೊಳವೆಗಳ ಪಕ್ಕದಲ್ಲಿ ದೈತ್ಯ. ಕಿಡ್ನಿ ಮಕ್ಕಳಿಗೆ ಮೊದಲೇ ರಕ್ತ ಕಡಿಮೆ, ಒಂದು ಸಲಕ್ಕೆ ಇಷ್ಟೇ ತೆಗೆಯಬಹುದು ಎಂಬ ಮಿತಿ ತೂಕದ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಕೊಳವೆ ಇರುವ ದಿನ ನಮ್ಮ ಕೋ–ಆರ್ಡಿನೇಟರ್ ಉಳಿದ ಪರೀಕ್ಷೆಗಳಲ್ಲಿ ಯಾವುದನ್ನು ಮುಂದಕ್ಕೆ ಹಾಕಬಹುದೆಂದು ಪಟ್ಟಿಯ ಮೇಲೆ ಗೀಟು ಎಳೆಯುತ್ತಾ ಹೋಗುತ್ತಾರೆ.

ಕೊಳವೆಯ ತಳದಲ್ಲಿ ಒಂದಿಷ್ಟು ದ್ರವವಿರುತ್ತದೆ. ಬಿಳಿರಕ್ತಕಣಗಳು ಒಡೆಯದಂತೆ ಹಿಡಿದಿಡುವುದು ಅದರ ಕೆಲಸ. ರಕ್ತ ತುಂಬಿದ ಕೂಡಲೇ ಕೊಳವೆಯನ್ನು ನಿಧಾನವಾಗಿ ಎಂಟು ಹತ್ತು ಸಲ ಮೇಲೆ ಕೆಳಗೆ ಮಗುಚಬೇಕು. ಜೋರಾಗಿ ಕುಲುಕಿದರೆ ಬಿಳಿಕಣಗಳು ಒಡೆದು ಮಗುವಿನದೇ ಡಿಎನ್‌ಎ ಪ್ಲಾಸ್ಮಾಕ್ಕೆ ಸುರಿಯುತ್ತದೆ, ಕಿಡ್ನಿಯ ಪಾಲು ಅದರಲ್ಲಿ ತೆಳುವಾಗಿ, ಸುಳ್ಳೇ ಕಡಿಮೆ ಸಂಖ್ಯೆ ಬರುತ್ತದೆ. ಫ್ರಿಜ್‌ನಲ್ಲೂ ಇಡುವಂತಿಲ್ಲ. ಇದೆಲ್ಲ ತಿಳಿದ ಮೇಲೆ ನಾನು ರಕ್ತ ತೆಗೆಯುವವರ ಕೈಯನ್ನೇ ನೋಡುತ್ತಾ ನಿಲ್ಲುವುದು ರೂಢಿಯಾಯಿತು. ಒಬ್ಬರು ಕೆಮ್ಮಿನ ಔಷಧಿಯ ಬಾಟಲಿ ಎಂಬಂತೆ ಅಲ್ಲಾಡಿಸಲು ಹೊರಟಾಗ ತಡೆದಿದ್ದೂ ಉಂಟು. ಮುಖ ಗಂಟಿಕ್ಕಿದರು. ಗಂಟಿಕ್ಕಲಿ.

ಒಮ್ಮೆ ದೀರ್ಘ ವಾರಾಂತ್ಯಕ್ಕೆ ಮುನ್ನ ತೆಗೆದ ರಕ್ತ ಕೊರಿಯರ್‌ನವರ ಕೈಯಲ್ಲಿ ಎಲ್ಲೋ ಮಾಯವಾಯಿತು. ಪೆಟ್ಟಿಗೆ ಯಾವ ಗೋದಾಮಿನಲ್ಲಿದೆ ಎಂದು ಯಾರಿಗೂ ಹೇಳಲಾಗಲಿಲ್ಲ. ಅಳುತ್ತಾ ಕೊಟ್ಟ ರಕ್ತವನ್ನು ಮತ್ತೆ ಕೊಡು ಎಂದು ಐದು ವರ್ಷದವನಿಗೆ ಹೇಳುವ ಕೆಲಸ ಕೊರಿಯರ್‌ನವರದಲ್ಲವಲ್ಲ, ನಮ್ಮದು.

ಮೊದಲ ವರ್ಷ ಸಂಖ್ಯೆಗಳು ಶೇಕಡಾ 0.3ರ ಆಸುಪಾಸಿನಲ್ಲೇ ಇದ್ದವು. ಅದನ್ನು ಓದುವುದು ಹೇಗೆಂದು ಆಗ ಕಲಿತೆ. 2017ರಲ್ಲಿ ಪ್ರಕಟವಾದ ಮುಖ್ಯ ಅಧ್ಯಯನ ದೊಡ್ಡವರದು. ತಿರಸ್ಕಾರವಿದ್ದವರಲ್ಲಿ ಮಧ್ಯದ ಬೆಲೆ ಶೇ 1.6, ಇಲ್ಲದವರಲ್ಲಿ ಶೇ 0.3. ಗಡಿಯನ್ನು ಶೇ 1ಕ್ಕೆ ಹಾಕಿದರು. ಅದಕ್ಕಿಂತ ಕಡಿಮೆ ಬಂದರೆ ತಿರಸ್ಕಾರವಿಲ್ಲ ಎಂಬ ಮಾತು ನೂರರಲ್ಲಿ 84 ಸಲ ನಿಜವಾಯಿತು. ಹೆಚ್ಚು ಬಂದರೆ ತಿರಸ್ಕಾರವಿದೆ ಎಂಬ ಮಾತು 61 ಸಲ. ನಾನು ಲೆಕ್ಕಪತ್ರ ನೋಡಿ ಬದುಕುವವಳು. ಐದರಲ್ಲಿ ಎರಡು ಸಲ ತಪ್ಪುವ ಲೆಕ್ಕದ ಮೇಲೆ ಯಾರ ಖಾತೆಯನ್ನೂ ಮುಚ್ಚುವುದಿಲ್ಲ. ಇದನ್ನು ಹೇಳಿದಾಗ ಡಾಕ್ಟರ್ ನಕ್ಕರು. ‘ಅದಕ್ಕೇ ನಾನು ಗಡಿಯನ್ನು ನೋಡುವುದಕ್ಕಿಂತ ನಿಮ್ಮ ಮಗನ ಹಿಂದಿನ ಸಂಖ್ಯೆಗಳನ್ನು ನೋಡುತ್ತೇನೆ’ ಎಂದರು. ಆರೋಗ್ಯವಾಗಿರುವ ಕಿಡ್ನಿಯಲ್ಲೂ ಸಂಖ್ಯೆ ಏರಿ ಇಳಿಯುತ್ತಿರುತ್ತದೆ. ಹಿಂದಿನ ಬೆಲೆಗಿಂತ ಶೇ 61ಕ್ಕೂ ಹೆಚ್ಚು ಏರಿದರೆ ಅದು ಆ ಸಹಜ ಏರಿಳಿತವನ್ನು ಮೀರಿದ್ದೆಂದು ಲೆಕ್ಕ. 0.3 ಇದ್ದದ್ದು 0.6 ಆದರೆ ಗಡಿಯ ಒಳಗೇ ಇದೆ, ಆದರೂ ದುಪ್ಪಟ್ಟಾಗಿದೆ.

ಇನ್ನೊಂದು ಕಿವಿಮಾತನ್ನೂ ಹೇಳಿದರು. ಇದು ಪಾಲಿನ ಲೆಕ್ಕ, ಆದ್ದರಿಂದ ಎರಡೂ ಕಡೆಯಿಂದ ಬದಲಾಗಬಹುದು. ಮಗುವಿನದೇ ಡಿಎನ್‌ಎ ಯಾವುದೋ ಕಾರಣಕ್ಕೆ ಹೆಚ್ಚಾದರೆ ಕಿಡ್ನಿಯ ಪಾಲು ಕಡಿಮೆ ಕಾಣುತ್ತದೆ. ಬಿಳಿಕಣಗಳು ತೀರಾ ಕುಸಿದಿದ್ದರೆ ಹೆಚ್ಚು ಕಾಣುತ್ತದೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಬಿಕೆ ವೈರಸ್ ಬಂತು. ಬಂತು ಎನ್ನುವುದಕ್ಕಿಂತ ಎದ್ದಿತು ಎನ್ನಬೇಕು. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ತಗುಲಿ, ಯಾವ ತೊಂದರೆಯನ್ನೂ ಕೊಡದೆ ಕಿಡ್ನಿಯಲ್ಲಿ ಮಲಗಿರುವ ವೈರಸ್ ಇದು; ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿದಾಗ ಎದ್ದು ಕೂರುತ್ತದೆ. 1971ರಲ್ಲಿ ಕಿಡ್ನಿ ಕಸಿಯಾದ ರೋಗಿಯೊಬ್ಬರ ಮೂತ್ರದಲ್ಲಿ ಮೊದಲು ಸಿಕ್ಕಿದ್ದರಿಂದ ಅವರ ಹೆಸರಿನ ಮೊದಲಕ್ಷರಗಳೇ ಇದರ ಹೆಸರು. ಇದನ್ನು ಕೊಲ್ಲುವ ನೆಚ್ಚಬಹುದಾದ ಔಷಧಿ ಇಲ್ಲ. ಮಾಡಬಹುದಾದದ್ದು ಒಂದೇ, ತಿರಸ್ಕಾರ ತಡೆಯುವ ಔಷಧಿಗಳನ್ನು ಕಡಿಮೆ ಮಾಡಿ ದೇಹವೇ ಅದನ್ನು ಹತ್ತಿಕ್ಕಲು ಬಿಡುವುದು. ಮೈಕೊಫಿನೊಲೇಟ್ ಅನ್ನು ಅರ್ಧಕ್ಕೆ ಇಳಿಸಿದರು, ಟ್ಯಾಕ್ರೊಲಿಮಸ್‌ನ ಗುರಿಯನ್ನೂ ಸ್ವಲ್ಪ ತಗ್ಗಿಸಿದರು. ವೈರಸ್ ಎಣಿಕೆ ವಾರದಿಂದ ವಾರಕ್ಕೆ ಇಳಿಯತೊಡಗಿತು. ನಾವು ಖುಷಿಪಟ್ಟೆವು.

ಆಗಲೇ ಡಿಎನ್‌ಎ ಸಂಖ್ಯೆ 0.3ರಿಂದ 0.7ಕ್ಕೆ ಹೋಯಿತು. ಕೆಲವು ವಾರಗಳ ಮೇಲೆ ಮತ್ತೆ ನೋಡಿದರೆ 1.2. ಕ್ರಿಯಾಟಿನಿನ್ 0.4. ಜ್ವರವಿಲ್ಲ, ನೋವಿಲ್ಲ, ರಕ್ತದೊತ್ತಡ ಏರಿಲ್ಲ, ಹುಡುಗ ಹಿತ್ತಲಲ್ಲಿ ಚೆಂಡು ಒದೆಯುತ್ತಿದ್ದಾನೆ. ದಾನಿಯ ಅಂಗದ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯಗಳ ಪರೀಕ್ಷೆಯಲ್ಲೂ ಏನಿಲ್ಲ.

ಈ ಪರೀಕ್ಷೆಯ ಬಲವೂ ಮಿತಿಯೂ ಒಟ್ಟಿಗೇ ನನ್ನ ಅರಿವಿಗೆ ಬಂದದ್ದು ಆ ವಾರ. ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದು ಅದು ಹೇಳಿತು, ಬೇರೆ ಯಾವ ಪರೀಕ್ಷೆಯೂ ಹೇಳದಿದ್ದಾಗ ಹೇಳಿತು. ಹೊಡೆಯುತ್ತಿರುವವರು ಯಾರು ಎಂದು ಹೇಳಲಿಲ್ಲ. ಬಿಕೆ ವೈರಸ್ ಕಿಡ್ನಿಯ ಕೋಶಗಳನ್ನು ಕೊಲ್ಲುತ್ತಿದ್ದರೂ ಸಂಖ್ಯೆ ಏರುತ್ತದೆ. ಔಷಧಿ ಕಡಿಮೆಯಾಗಿ ತಿರಸ್ಕಾರ ಶುರುವಾಗಿದ್ದರೂ ಏರುತ್ತದೆ. ವೈರಸ್ ಆದರೆ ಔಷಧಿಯನ್ನು ಇನ್ನೂ ಇಳಿಸಬೇಕು. ತಿರಸ್ಕಾರವಾದರೆ ಏರಿಸಬೇಕು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಊಹೆಯ ಮೇಲೆ ನಡೆಯುವ ಹಾಗಿಲ್ಲ. ‘ಬಯಾಪ್ಸಿ ಮಾಡೋಣ’ ಎಂದರು ಡಾಕ್ಟರ್. ಬಯಾಪ್ಸಿ ತಪ್ಪಿಸಲೆಂದು ಹಿಡಿದ ಪರೀಕ್ಷೆ ನಮ್ಮನ್ನು ಬಯಾಪ್ಸಿಗೇ ಕರೆತಂದಿತಲ್ಲ ಎಂದು ನನ್ನ ಗಂಡ ಗೊಣಗಿದರು. ನನಗೆ ಹಾಗೆನ್ನಿಸಲಿಲ್ಲ. ಕ್ಯಾಲೆಂಡರ್ ನೋಡಿ ಚುಚ್ಚುವುದಕ್ಕೂ ಕಾರಣ ನೋಡಿ ಚುಚ್ಚುವುದಕ್ಕೂ ವ್ಯತ್ಯಾಸವಿದೆ.

ಹೊರಗಿನಿಂದ ಮುಟ್ಟಿದರೂ ಕೈಗೆ ಸಿಗುವಂತೆ ಅವನ ಕಿಡ್ನಿ ಹೊಟ್ಟೆಯ ಬಲಬದಿಯಲ್ಲಿ, ಚರ್ಮದ ಹತ್ತಿರವೇ ಇದೆ. ಮಂಪರು ಕೊಡುವವರೆಗೆ ನನ್ನನ್ನು ಒಳಗೆ ಬಿಟ್ಟರು. ಹಿಂದಿನ ಸಲ ಉಳಿದದ್ದನ್ನು ನೋಡಿರಲಿಲ್ಲ. ಈ ಸಲ ಕೇಳಿಕೊಂಡಿದ್ದರಿಂದ, ಕೊನೆಯಲ್ಲಿ ತೆಗೆದ ತುಣುಕುಗಳನ್ನು ತೋರಿಸಿದರು. ಗಾಜಿನ ಬಟ್ಟಲಲ್ಲಿ ಬೆರಳ ಒಂದು ಗೆಣ್ಣಿನಷ್ಟು ಉದ್ದದ ಎರಡು ಎಳೆಗಳು, ಶಾವಿಗೆಗಿಂತ ಸಪೂರ, ತಿಳಿ ಗುಲಾಬಿ ಬಣ್ಣ. ಮೂಲೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದ ತಂತ್ರಜ್ಞೆ ಅಲ್ಲೇ ಅದರಲ್ಲಿ ಸೋಸುಗಂಟುಗಳು ಎಷ್ಟಿವೆ ಎಂದು ಎಣಿಸುತ್ತಿದ್ದರು. ಹತ್ತಾದರೂ ಇರಬೇಕು, ಜೊತೆಗೆ ಎರಡು ರಕ್ತನಾಳ. ಇಲ್ಲದಿದ್ದರೆ ತೀರ್ಪು ಹೇಳಲು ಸಾಲದು. ಅವರು ತಲೆಯಾಡಿಸಿದ ಮೇಲೆಯೇ ಸೂಜಿ ಹಿಡಿದವರು ಕೈಗವಸು ಬಿಚ್ಚಿದ್ದು.

ತುಣುಕುಗಳನ್ನು ಬಾನ್ಫ್ ಪದ್ಧತಿಯಲ್ಲಿ ಓದುತ್ತಾರೆ. ಕೆನಡಾದ ಬಾನ್ಫ್ ಊರಿನಲ್ಲಿ 1991ರಲ್ಲಿ ಸೇರಿದ ತಜ್ಞರು ರೂಪಿಸಿದ್ದು, ಅಂದಿನಿಂದ ತಿದ್ದುತ್ತಲೇ ಬಂದಿದ್ದಾರೆ. ವೈರಸ್ ಹುಡುಕಲು ಹಾಕಿದ ಬಣ್ಣ ಅಂಟಲಿಲ್ಲ, ಅಂದರೆ ಕಿಡ್ನಿಯ ಕೋಶಗಳಲ್ಲಿ ಬಿಕೆ ಬೀಡುಬಿಟ್ಟಿಲ್ಲ. ಆದರೆ ಕಿಡ್ನಿಯೊಳಗೆ ಮೂತ್ರ ಸಾಗುವ ಸಣ್ಣ ನಾಳಗಳ ಗೋಡೆಯೊಳಗೆ ಬಿಳಿಕಣಗಳು ನುಗ್ಗತೊಡಗಿದ್ದವು. ವರದಿ ‘ಬಾರ್ಡರ್‌ಲೈನ್’ ಎಂದಿತು, ಅಂದರೆ ತಿರಸ್ಕಾರದ ಹೊಸ್ತಿಲು.

ಈ ಹಂತಕ್ಕೆ ಚಿಕಿತ್ಸೆ ಕೊಡಬೇಕೇ, ಕಾದು ನೋಡಬೇಕೇ ಎಂಬುದು ವೈದ್ಯರಲ್ಲೇ ಮುಗಿಯದ ಚರ್ಚೆ. ಆ ಸಂಖ್ಯೆ ಎರಡನೆಯ ಸಲ ಕೆಲಸಕ್ಕೆ ಬಂದದ್ದು ಇಲ್ಲಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಬಗ್ಗೆ ಡಾಕ್ಟರ್ ಹೇಳಿದರು. ಬಾರ್ಡರ್‌ಲೈನ್ ಅಥವಾ ಅದರ ಮುಂದಿನ ಮೆಟ್ಟಿಲಿನಲ್ಲಿದ್ದ 79 ಜನರಲ್ಲಿ, ದಾನಿಯ ಡಿಎನ್‌ಎ ಶೇ 0.5 ಮುಟ್ಟಿದವರ ಕಿಡ್ನಿ ಮುಂದಿನ ತಿಂಗಳುಗಳಲ್ಲಿ ಕುಗ್ಗಿತು, ಅವರಲ್ಲಿ ನೂರಕ್ಕೆ ನಲವತ್ತು ಮಂದಿಗೆ ಪ್ರತಿಕಾಯಗಳೂ ಹುಟ್ಟಿಕೊಂಡವು; ಕಡಿಮೆ ಇದ್ದವರದು ಬಹುಮಟ್ಟಿಗೆ ಹಾಗೇ ನಿಂತಿತು. ಸೂಕ್ಷ್ಮದರ್ಶಕದಲ್ಲಿ ಇಬ್ಬರದೂ ಒಂದೇ ಥರ ಕಂಡಿತ್ತು. ‘ನಿಮ್ಮ ಮಗನದು 1.2. ನಾನು ಕಾಯುವುದಿಲ್ಲ’ ಎಂದರು.

ಮೂರು ದಿನ ಸ್ಟೀರಾಯ್ಡ್ ಡ್ರಿಪ್. ಅವನು ಮೊದಲಿನಿಂದ ಸ್ಟೀರಾಯ್ಡ್ ಇಲ್ಲದ ಔಷಧಿ ಕ್ರಮದಲ್ಲಿದ್ದ, ಎತ್ತರ ಬೆಳೆಯಲೆಂದು ಮಕ್ಕಳಿಗೆ ಹಾಗೆ ಮಾಡುತ್ತಾರೆ. ಆದ್ದರಿಂದ ಇದರ ಪರಿಣಾಮ ನಮಗೆ ಹೊಸದು. ನಡುರಾತ್ರಿ ಎದ್ದು ಮೊಸರನ್ನ ಕೇಳುವುದು, ಕೊಟ್ಟರೆ ಸಾಲದೆಂದು ಅಳುವುದು, ಅತ್ತ ಮರುಕ್ಷಣ ನಗುವುದು. ಆಮೇಲೆ ಟ್ಯಾಕ್ರೊಲಿಮಸ್ ಅನ್ನು ಮೊದಲು ಏರಿಸಿ, ವೈರಸ್ ಎಣಿಕೆ ನೋಡುತ್ತಾ ನೋಡುತ್ತಾ ಮೈಕೊಫಿನೊಲೇಟ್ ಅನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರು. ಒಂದು ಕಾಗದದಲ್ಲಿ ಎರಡು ಸಾಲು ಗೀಚಿಕೊಂಡು ನಾನೂ ನೋಡುತ್ತಿದ್ದೆ, ವೈರಸ್ ಒಂದರಲ್ಲಿ, ಡಿಎನ್‌ಎ ಇನ್ನೊಂದರಲ್ಲಿ. 0.9. ಆಮೇಲೆ 0.5. ವೈರಸ್ ಮತ್ತೆ ಏಳಲಿಲ್ಲ.

ಹಣದ ಮಾತನ್ನೂ ಆಡಬೇಕು, ಏಕೆಂದರೆ ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿನ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಈ ಪರೀಕ್ಷೆಗೆ ಕಟ್ಟುವ ದರ ಒಂದು ಸಲಕ್ಕೆ 2,841 ಡಾಲರ್. ನಮ್ಮ ಖಾಸಗಿ ವಿಮೆಯವರು ಇದು ‘ಪ್ರಾಯೋಗಿಕ’ ಎಂದು ಹೇಳಿ ಬಿಲ್ ತಳ್ಳಿಹಾಕಿದರು. ಮೇಲ್ಮನವಿ ಬರೆದೆವು. ಅದನ್ನೂ ತಳ್ಳಿದರು. ಬಯಾಪ್ಸಿಗೆ, ಮಂಪರಿಗೆ, ಆಸ್ಪತ್ರೆಯ ಮಂಚಕ್ಕೆ ಚಕಾರವೆತ್ತದೆ ಹಣ ಕಟ್ಟುವವರು ಅದನ್ನು ಕಡಿಮೆ ಮಾಡಬಹುದಾದ ರಕ್ತಪರೀಕ್ಷೆಗೆ ಮುಷ್ಟಿ ಬಿಗಿಹಿಡಿಯುವ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಬಯಾಪ್ಸಿಯ ಫಲಿತಾಂಶವನ್ನು ಲಗತ್ತಿಸಿ ಡಾಕ್ಟರೇ ಪತ್ರ ಬರೆದ ಮೇಲೆ ಒಪ್ಪಿದರು. ಇಂಥದ್ದರಲ್ಲಿ ಸಿಕ್ಕಿಕೊಂಡವರಿಗೆ ನನ್ನ ಸಲಹೆ ಇಷ್ಟೇ. ಪತ್ರದಲ್ಲಿ ‘ನಿಗಾ’ ಎಂದು ಬರೆಸುವುದಕ್ಕಿಂತ, ಯಾವ ಬಯಾಪ್ಸಿಯ ಬದಲಿಗೆ, ಯಾವ ನಿರ್ಧಾರಕ್ಕಾಗಿ ಈ ಪರೀಕ್ಷೆ ಎಂದು ಬರೆಸಿ.

ಭಾನುವಾರದ ಕನ್ನಡ ತರಗತಿಯ ಪರಿಚಿತರ ಮೂಲಕ ಹುಬ್ಬಳ್ಳಿಯ ತಾಯಿಯೊಬ್ಬರು ಫೋನ್ ಮಾಡಿದ್ದರು. ಮಗಳಿಗೆ ಬೆಂಗಳೂರಿನಲ್ಲಿ ಕಸಿಯಾಗಿದೆ, ಈ ಪರೀಕ್ಷೆಯನ್ನು ಹೇಗಾದರೂ ಮಾಡಿಸಬಹುದೇ, ಸಾಲ ಮಾಡಿಯಾದರೂ, ಎಂದು ಕೇಳಿದರು. ‘ಅಕ್ಕಾ, ನಿಮ್ಮ ಡಾಕ್ಟರ್ ಬೇಕು ಎಂದರೆ ಮಾಡಿಸಿ, ನೀವಾಗಿ ಹೊರಟು ಮಾಡಿಸಬೇಡಿ’ ಎಂದೆ. ಸಂಖ್ಯೆ ಬಂದ ಮೇಲೆ ಅದನ್ನು ಓದುವವರು ಬೇಕು, ಹಿಂದಿನ ಸಂಖ್ಯೆಗಳ ಸಾಲು ಬೇಕು, ಏರಿದರೆ ಮರುವಾರವೇ ಬಯಾಪ್ಸಿ ಮಾಡಿ ನೋಡುವ ವ್ಯವಸ್ಥೆ ಬೇಕು. ಒಂಟಿ ಸಂಖ್ಯೆ ಮನೆಯವರ ನಿದ್ದೆ ಕೆಡಿಸುತ್ತದೆ, ಅಷ್ಟೇ. ಟ್ಯಾಕ್ರೊಲಿಮಸ್ ಮಟ್ಟವನ್ನು ಹೊತ್ತು ತಪ್ಪದೆ ನೋಡಿಸುತ್ತಿದ್ದೀರಾ ಎಂದು ಕೇಳಿದೆ. ನೋಡಿಸುತ್ತಿದ್ದರು, ಗಂಟೆ ನಿಮಿಷ ಬರೆದಿಟ್ಟ ಪುಸ್ತಕವನ್ನೇ ಫೋನಿನಲ್ಲಿ ಓದಿ ಹೇಳಿದರು. ಕ್ರಿಯಾಟಿನಿನ್ ವರದಿಯಲ್ಲಿ ‘ಸಹಜ’ ಎಂಬ ಪದ ನೋಡಿ ಸುಮ್ಮನಾಗದೆ, ಹೋದ ಸಲಕ್ಕಿಂತ ಎಷ್ಟು ಏರಿದೆ ಎಂದು ಡಾಕ್ಟರಿಗೆ ತೋರಿಸಿ ಎಂದಷ್ಟೇ ಸೇರಿಸಿದೆ. ಅದಕ್ಕೆ ಖರ್ಚಿಲ್ಲ.

ಮೊನ್ನೆ ಬಂದ ಸಂಖ್ಯೆ 0.28. ಇಷ್ಟು ಚೆನ್ನಾಗಿರುವಾಗ ಚಿಕಿತ್ಸೆಯ ನಂತರದ ಬಯಾಪ್ಸಿಯನ್ನು ಬಿಡಬಹುದಲ್ಲವೇ ಎಂದು ನನ್ನ ಗಂಡ ಕೇಳಿದರು. ಡಾಕ್ಟರ್ ಒಪ್ಪಲಿಲ್ಲ. ಈಗ ಪೆಟ್ಟು ಬೀಳುತ್ತಿಲ್ಲ ಎಂಬುದಷ್ಟೇ ಈ ಸಂಖ್ಯೆಯ ಮಾತು, ಆಗ ಬಿದ್ದ ಪೆಟ್ಟು ಒಳಗೆ ಕಲೆ ಉಳಿಸಿದೆಯೇ ಎಂಬುದನ್ನು ಅದು ಹೇಳುವುದಿಲ್ಲ ಎಂದರು. ಶಾಲೆಯ ವಸಂತದ ರಜೆಗೆ ದಿನ ಗೊತ್ತಾಗಿದೆ. ಸೂಜಿ ಚುಚ್ಚಿದ ಗಾಯವೇ ಸಂಖ್ಯೆಯನ್ನು ಏರಿಸುವುದರಿಂದ, ಆ ದಿನದ ಡಿಎನ್‌ಎ ರಕ್ತವನ್ನು ಬಯಾಪ್ಸಿಗೆ ಮೊದಲೇ ತೆಗೆಯಬೇಕೆಂದು ಕೋ–ಆರ್ಡಿನೇಟರ್ ಹತ್ತಿರ ಪಟ್ಟಿಯಲ್ಲಿ ಬರೆಸಿದ್ದೇನೆ. ಯಾವ ಕೈ ಎಂಬುದು ಇನ್ನೂ ತೀರ್ಮಾನವಾಗಿಲ್ಲ.